ಜಹಾಜಿನ ಇಂಜಿನ್ನಿಗೆ ತಾಮ್ರ ಉಣಿಸಿದ ಪಾಂಡುರಂಗರಾಯರು

ಶಹಾಬಾದಿನಲ್ಲಿ ಮಳೆ ಬಂದರೆ ಅದು ಪಾಂಡುರಂಗರಾಯರು ಹೇಳಿದ್ದಕ್ಕೆ ಬಂದದ್ದು. ಬರದಿದ್ದರೆ, ಜನ ಅವರ ಮಾತು ಕೇಳಲಿಲ್ಲ, ಅದಕ್ಕೆ. ಮುಂಬಯಿ ಮೇಲ್ ಗಾಡಿ ಹೊತ್ತಿಗೆ ಸರಿಯಾಗಿ ಬಂದು ನಿಂತಿತೆಂದರೆ ರಾಯರು ಪ್ಲಾಟ್‌ಫಾರ್ಮಿನ ಮೇಲೆ ಶೇರವಾನಿಯ ಜೇಬಿನಿಂದ ಗಡಿಯಾರ ತೆಗೆದು ನೋಡಿ, "ಹ್ಞಾಂ, ಹೇಳಿದ್ದೆ" ಎನ್ನುತ್ತಿದ್ದರು. ಯಾರಿಗೆ ಹೇಳಿದ್ದರು, ಏನು ಹೇಳಿದ್ದರು ಎಂದು ಕೇಳುವ ಧೈರ್ಯ ಸ್ಟೇಷನ್ ಮಾಸ್ತರರಿಗೂ ಇರಲಿಲ್ಲ.

ಇಂಥವರನ್ನು ನೆನೆದು ಕೈಮುಗಿಯಬೇಕೆಂದರೆ ಮೊದಲು ನಗು ಅಡ್ಡ ಬರುತ್ತದೆ. ಬರಲಿ. ಕಾಗಿಣಾ ನದಿಯ ದಂಡೆಯಲ್ಲಿ ಕಲ್ಲು ಎಬ್ಬಿಸುವವರ ಓಣಿ ಒಂದಿದೆ. ಅಲ್ಲಿ ಇವತ್ತಿಗೂ ರಾಯರ ಹೆಸರು ತೆಗೆದರೆ ಮುದುಕಿಯರು ಮೊದಲು ಬಾಯಿಗೆ ಸೆರಗು ಹಿಡಿದು ನಗುತ್ತಾರೆ, ಆಮೇಲೆ ಅದೇ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಾರೆ. ನಾನೂ ಅದೇ ಕ್ರಮದಲ್ಲಿ ಹೋಗುತ್ತೇನೆ.

ರಾಯರು ವೈಷ್ಣವರು. ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ, ಗೋಪಿಚಂದನ, ಹಣೆಯ ಮೇಲೆ ಅಂಗಾರ ಅಕ್ಷತೆ. ಅದರ ಮೇಲೆ ಕೆಂಪು ರೂಮಿ ಟೋಪಿ. ಅದರ ಕೆಳಗೆ ಕುತ್ತಿಗೆತನಕ ಗುಂಡಿ ಬಿಗಿದ ಶೇರವಾನಿ. ನಿಜಾಮರ ರಾಜ್ಯದಲ್ಲಿ ದಫ್ತರು ಹತ್ತಬೇಕಾದವರ ವೇಷ ಅದು. "ನಾಮಾನೂ ಟೋಪಿನೂ ಒಂದೇ ತಲಿ ಮ್ಯಾಲ ಕೂಡಿಸಿಕೊಂಡು ಹೊಂಟಾಂವ ನಾನು" ಎಂದು ಅವರು ಹೆಮ್ಮೆಯಿಂದ ಹೇಳುವರು. ಒಳಗಿನಿಂದ ಅವರ ಹೆಂಡತಿ ಪದ್ಮಾಬಾಯಿ, "ಹೌದ್ರಿ, ಅವೆರಡನ್ನೂ ಕೂಡಿಸಿದ್ರಿ. ನನ್ನನ್ನೂ ನಿಮ್ಮ ತಾಯಿನೂ ಕೂಡಿಸಲಿಕ್ಕೆ ಮಾತ್ರ ನಿಮ್ಮ ಕೈಲೆ ಆಗ್ಲಿಲ್ಲ" ಎನ್ನುವರು.

ಉದ್ಯೋಗ ಬಂದೇಅಲಿ ಸಾಹೇಬರ ಫರಸಿ ಕಾರಖಾನೆಯಲ್ಲಿ ಮುನ್ಶಿಗಿರಿ. ಕಾರಖಾನೆ ಅಂದರೆ ನದಿಯ ಮೇಲಿನ ದಿನ್ನೆ. ಖಣಿಯಿಂದ ಎದ್ದ ಹಾಸುಗಲ್ಲನ್ನು ಅಲ್ಲಿ ಚೌಕಾಗಿ ಕತ್ತರಿಸಿ, ನೀರು ಬಿಟ್ಟು ತಿಕ್ಕಿ ನುಣುಪು ಮಾಡಿ ರೈಲಿಗೆ ಏರಿಸುತ್ತಿದ್ದರು. ಹೈದರಾಬಾದಿಗೆ ಉರ್ದುವಿನಲ್ಲಿ ಕಾಗದ ಬರೆಯುವುದು, ಅಲ್ಲಿಂದ ಬಂದ ಉತ್ತರವನ್ನು ಸಾಹೇಬರ ಮನಸ್ಸಿಗೆ ನೋವಾಗದಂತೆ ಓದಿ ಹೇಳುವುದು, ಇವು ರಾಯರ ಕೆಲಸ. ಎರಡನೆಯದರಲ್ಲಿ ಅವರಿಗೆ ಸಮಾನರಿರಲಿಲ್ಲ.

ಕಲ್ಲು ತಿಕ್ಕಲಿಕ್ಕೆ ನೀರು ಬೇಕು. ಕೆಲಸಗಾರರ ಓಣಿಗೆ ಕುಡಿಯಲಿಕ್ಕೂ ನೀರು ಬೇಕು. ನೀರಿರುವುದು ಕೆಳಗೆ, ಕಡಿದಾದ ದಂಡೆಯ ಬುಡದಲ್ಲಿ. ಅದಕ್ಕಾಗಿ ಬಂದೇಅಲಿ ಸಾಹೇಬರು ಮುಂಬಯಿಯ ಗುಜರಿಯಿಂದ ಒಂದು ಇಂಜಿನ್ ಕೊಂಡು ತಂದರು. ಸಮುದ್ರದ ಖಾಡಿಯಲ್ಲಿ ಜನರನ್ನು ದಾಟಿಸುತ್ತಿದ್ದ ಸಣ್ಣ ಹಡಗಿನ ಇಂಜಿನ್ ಅದು. ಹಡಗು ಮುರಿದು ಮಾರಾಟವಾಗಿತ್ತು, ಹೊಟ್ಟೆ ಮಾತ್ರ ಉಳಿದಿತ್ತು. ಸಮುದ್ರವನ್ನು ಕಣ್ಣಿಂದ ಕಾಣದ ನಮ್ಮ ಶಹಾಬಾದು ಅದಕ್ಕೆ 'ಜಹಾಜ' ಎಂದೇ ಹೆಸರಿಟ್ಟಿತು. ಸ್ಟೇಷನ್ನಿನಿಂದ ಎತ್ತಿನ ಬಂಡಿಯ ಮೇಲೆ ಅದು ಬರುವಾಗ ರಾಯರು ಮುಂದೆ ಮುಂದೆ ನಡೆದರು, ಅದನ್ನು ತಾವೇ ಈಜಿಸಿಕೊಂಡು ತಂದವರ ಹಾಗೆ.

ಜಹಾಜಕ್ಕೆ ಒಬ್ಬ ಆಳು ಬೇಕಾಯಿತು. ಸಿಕ್ಕವನು ಅಂಬಿಗರ ಅಂಬರಾಯ. ಅವನ ಅಪ್ಪ, ಅಜ್ಜ ಎಲ್ಲರೂ ಅದೇ ಘಾಟಿನಲ್ಲಿ ದೋಣಿ ಹಾಕಿದವರು. ಮೇಲ್ಗಡೆ ಸೇತುವೆಯಾದ ಮೇಲೆ ದಾಟುವವರು ಇಲ್ಲವಾಗಿ ದೋಣಿ ದಂಡೆಯ ಮೇಲೆ ಬೋರಲು ಬಿದ್ದಿತ್ತು. ಹೊಲವಿಲ್ಲ, ಮನೆಯಿಲ್ಲ. ಹೆಂಡತಿ ಸಾಬಮ್ಮ ಚಿಂಚೋಳಿ ಕಡೆಯ ಚಂದಾಪುರದವಳು, ಬಸುರಿ. "ನೀರಿನ ಮನಷ್ಯಾ, ನೀರಿನ ಇಂಜಿನ್, ಇನ್ನೇನು ಬೇಕು?" ಎಂದು ಬಂದೇಅಲಿ ಸಾಹೇಬರು ಅವನನ್ನು ಇಟ್ಟುಕೊಂಡು, ಇಂಜಿನ್ ಖೋಲಿಗೆ ಹತ್ತಿದ ಒಂದು ಕೋಣೆಯನ್ನೂ ಕೊಟ್ಟರು. ಕೊಡುವಾಗ ಎಲ್ಲರ ಎದುರು ಒಂದು ಮಾತು ಹೇಳಿದರು:

"ಯಾರ ಕೈಯಿಂದ ಈ ಇಂಜಿನ್ ಕೆಡ್ತದೋ ಆ ಕೈ ನನ್ನ ಕಾರಖಾನ್ಯಾಗ ಇರೂದಿಲ್ಲ. ತಿಳೀತೇನು, ಅಂಬ್ರಾಯ?"

ಅಂಬರಾಯ ತನ್ನ ಎರಡೂ ಕೈ ನೋಡಿಕೊಂಡು, "ತಿಳೀತ್ರಿ" ಎಂದ.

ಇಂಜಿನ್ ಕೂಡಿಸಲು ಬಂದವನು ಗುಲಾಮ ದಸ್ತಗೀರ. ವಾಡಿ ಜಂಕ್ಷನ್ನಿನ ಲೋಕೋ ಶೆಡ್ಡಿನಲ್ಲಿ ಫಿಟ್ಟರು. ಹರೆಯದಲ್ಲಿ ಮುಂಬಯಿಗೆ ಓಡಿಹೋಗಿ ಹಡಗಿನ ಇಂಜಿನ್ ಕೋಣೆಯಲ್ಲಿ ಬೆವರಿಳಿಸಿ ಬಂದವನು. ಬಸ್ರಾ ಬಂದರಿನ ಹೆಸರು ತರದೆ ಅವನಿಗೆ ಚಹಾ ಕುಡಿಯಲೂ ಬರುತ್ತಿರಲಿಲ್ಲ.

"ನೋಡಪಾ ಅಂಬ್ರಾಯ," ಎಂದ ದಸ್ತಗೀರ. "ಇಂಜಿನ್ ಕಾಯ್ತದ. ಅದಕ್ಕ ಅದರ ಸುತ್ತ ಲೋಖಂಡದ ಅಂಗಿ ತೊಡಿಸ್ಯಾರ. ಅಂಗಿ ಒಳಗ ನೀರು ಹರೀತದ, ತಂಪು ಇಡ್ತದ. ಆದ್ರ ನೀರಿಗೆ ಹಸಿವು ಭಾಳ. ಜಂಗು ಹಿಡಿಸಿ ಲೋಖಂಡ ತಿಂತದ. ಬಸ್ರಾದ ಕಡೆ ಸಮುದ್ರ ಗಪಾಗಪಾ ತಿಂತದ, ನಿಮ್ಮ ಕಾಗಿಣಾ ಮುದುಕೀ ಹಂಗ ಸಾವಕಾಶ ತಿಂತಾಳ. ತಿನ್ನೂದು ಖರೆ. ಅದಕ್ಕ ಜಹಾಜದವರು ಒಂದು ಯುಕ್ತಿ ಮಾಡ್ಯಾರ."

ಅವನು ಪಾನಾ, ಅಂದರೆ ಸ್ಪ್ಯಾನರು, ಹಾಕಿ ಅಂಗಿಯ ಪಕ್ಕದ ಬಿರಡೆಯೊಂದನ್ನು ತಿರುವಿ ತೆಗೆದ. ಬಿರಡೆಯ ತುದಿಗೆ ಬೆರಳುದ್ದದ ಬೂದು ಬಣ್ಣದ ಸರಳು.

"ಇದು ಜಸ್ತ." ಪುಸ್ತಕದವರು ಸತು ಎನ್ನುವ ಲೋಹ. "ಇದು ಇರೂತನಕ ನೀರು ಇದನ್ನ ತಿಂತದ, ಲೋಖಂಡದ ತಂಟಿಗೆ ಹೋಗೂದಿಲ್ಲ. ಇದು ಸವೀತು ಅಂದ್ರ ಬ್ಯಾರೆ ಹಾಕು. ಸವೀಲಿಕ್ಕೇ ಹುಟ್ಯಾದ ಇದು."

ಅಂಬರಾಯನಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ. ಅವನ ಮನೆತನದಲ್ಲಿ ವರ್ಷದ ಮೊದಲ ಕೆಂಪು ಹೊಳೆ ಬಂದಾಗ ಗಂಗವ್ವನ ಉಡಿ ತುಂಬುತ್ತಿದ್ದರು: ಖಣ, ಬಳೆ, ತೆಂಗಿನಕಾಯಿ, ಜೊತೆಗೆ ದೋಣಿಯ ಅಂಚಿನಿಂದ ಕೆತ್ತಿದ ಒಂದು ಚಕ್ಕೆ. ಚಕ್ಕೆ ಕೊಟ್ಟರೆ ಹೊಳೆ ದೋಣಿಯನ್ನು ಕೇಳುವುದಿಲ್ಲ.

"ಹಂಗಂದ್ರ ಇದು ಗಂಗವ್ವನ ಪಾಲು ಅನ್ನು," ಎಂದ.

"ಏನರೆ ಅನ್ನಪಾ. ಬದಲಿ ಮಾಡು, ಸಾಕು."

ಪಕ್ಕದಲ್ಲಿ ರಾಯರು ನಿಂತಿದ್ದರು. ತಾವು ಇರುವಾಗ ಇನ್ನೊಬ್ಬ ಅಷ್ಟು ಹೊತ್ತು ಜ್ಞಾನ ಹೇಳುವುದನ್ನು ಅವರು ಅದಕ್ಕೂ ಮೊದಲು ಸಹಿಸಿದ ಉದಾಹರಣೆಯಿಲ್ಲ.

"ಅದೆಲ್ಲ ಖರೆ ದಸ್ತಗೀರ, ಆದ್ರ ಜಸ್ತ ಅಂದ್ರ ಹಲ್ಕಾ ಧಾತು. ನೀರಿಗೂ ತಾಮ್ರಕ್ಕೂ ಜನ್ಮದ ನಂಟು. ತೀರ್ಥ ಯಾವುದರಾಗ ಇಡ್ತೀವಿ? ತಾಮ್ರದಾಗ. ಕಾಶಿಯಿಂದ ಗಂಗಾ ಯಾವುದರಾಗ ತರ್ತಾರ? ತಾಮ್ರದಾಗ. ತಾಮ್ರ ಕಂಡ್ರ ನೀರು ಶಾಂತ ಆಗ್ತದ."

"ರಾಯರ, ಇದು ದೇವರ ಜಗಲಿ ಅಲ್ರಿ, ಇಂಜಿನ್ನು," ಎಂದು ನಕ್ಕು ದಸ್ತಗೀರ ವಾಡಿ ಪ್ಯಾಸೆಂಜರು ಹಿಡಿಯಲು ಓಡಿದ. ಅವನು ಹೋದ, ರಾಯರ ಮಾತು ಉಳಿಯಿತು.

ಕೆಲವು ತಿಂಗಳಿಗೆ ಸಾಬಮ್ಮನ ಹೆರಿಗೆ. ಕಷ್ಟದ ಹೆರಿಗೆ. ಸೂಲಗಿತ್ತಿ ಹೊರಗೆ ಬಂದು ತಲೆಯಲ್ಲಾಡಿಸಿ ಒಳಗೆ ಹೋಗಿದ್ದಳು. ಅಂಬರಾಯ ಹೊಳೆಯಲ್ಲಿ ಸೊಂಟಮಟ ನಿಂತು ಗಂಗವ್ವನಿಗೆ ಏನೇನು ಹೇಳಿಕೊಂಡನೋ, ತಾಯಿ ಉಳಿದಳು, ಮಗಳೂ ಉಳಿದಳು. ಮಗಳಿಗೆ ಗಂಗಿ ಎಂದೇ ಹೆಸರಾಯಿತು. ಮರುವಾರ ಜಸ್ತದ ಸರಳು ಬದಲಿಸುವ ಹೊತ್ತು. ಅಂಬರಾಯ ಹೊಸ ಸರಳು ಕೈಯಲ್ಲಿ ಹಿಡಿದವನು ಅಲ್ಲೇ ನಿಂತ. ಇಷ್ಟು ದೊಡ್ಡ ಉಪಕಾರ ಮಾಡಿದಾಕೆಗೆ ಹಲ್ಕಾ ಧಾತು ಕೊಡುವುದೆ?

ಸಾಬಮ್ಮನಿಗೆ ತವರಿನವರು ಕೊಟ್ಟ ತಾಮ್ರದ ತಂಬಿಗೆಯೊಂದಿತ್ತು. ತಳ ಸೀಳಿತ್ತು, ಆದರೂ ಅವಳು ಅದನ್ನು ಬಿಟ್ಟಿರಲಿಲ್ಲ. "ತೊಗೊ. ಆಕಿ ನನಗ ಜೀವ ಕೊಟ್ಟಾಳ, ನಾ ತಂಬಿಗಿ ಕೊಡಬಾರದೇನು?" ಎಂದಳು. ತಾಮ್ರದ ಪಾತ್ರೆ ಬಡಿಯುವವನ ಹತ್ತಿರ ಅದನ್ನು ಕರಗಿಸಿ ಸರಳು ಮಾಡಿಸಿ, ಬಿರಡೆಗೆ ಕೂಡಿಸಿ, ಅರಿಶಿನ ಹಚ್ಚಿ ಅಂಬರಾಯ ಇಂಜಿನ್ನಿನ ಅಂಗಿಯೊಳಗೆ ತಿರುವಿದ. ಓಣಿಗೆಲ್ಲ ಬೆಲ್ಲ ಹಂಚಿದ. ರಾಯರ ಕೈಗೂ ಒಂದು ತುಣುಕು ಬಂತು.

"ನೀವು ಹೇಳ್ದಂಗ ತಾಮ್ರ ಹಾಕೀನ್ರಿ, ರಾಯರ."

ರಾಯರು ಬೆಲ್ಲ ಬಾಯಿಗೆ ಹಾಕಿಕೊಂಡು, "ಹೇಳಿದ್ದೆ" ಎಂದರು.

ಮಳೆಗಾಲ ಮುಗಿದ ಮೇಲೆ ಬಿರಡೆ ತೆಗೆದು ನೋಡಿದರೆ ಆಶ್ಚರ್ಯ. ಜಸ್ತವಾಗಿದ್ದರೆ ಅರ್ಧ ಕರಗಿರುತ್ತಿತ್ತು. ತಾಮ್ರ ಇದ್ದ ಹಾಗೇ ಇದೆ! ಅಲ್ಲಲ್ಲಿ ಸ್ವಲ್ಪ ಹಸಿರು, ಅಷ್ಟೇ. ಗಂಗವ್ವ ಸಂತುಷ್ಟಳಾಗಿ ತುತ್ತನ್ನು ಮುಟ್ಟಿಯೇ ಇಲ್ಲವೆಂದು ಅಂಬರಾಯ ಕಣ್ಣಿಗೊತ್ತಿಕೊಂಡ. ರಾಯರಿಗೆ ಮುಖ್ಯವೆನಿಸಿದ್ದು ಬೇರೆ. ಸವೆಯದ ವಸ್ತು ಕಂಡುಹಿಡಿದವರು ಯಾರು? ಅವರು ಸಾಹೇಬರಿಗೆ ಸುದ್ದಿ ಮುಟ್ಟಿಸಿದರು. ಸುದ್ದಿಯಲ್ಲಿ ಅಂಬರಾಯನಿಗೆ ಜಾಗ ಸಾಲದೆ ಬಿಟ್ಟುಹೋಯಿತು. "ಶಾಬ್ಬಾಸ್ ಮುನ್ಶೀಜಿ, ಭಾಳ ಛಲೋ ಕೆಲಸ ಮಾಡೀರಿ" ಎಂದು ಬಂದೇಅಲಿ ಸಾಹೇಬರು ಅವರ ಕೊರಳಿಗೆ ಹೂವಿನ ಹಾರ ಹಾಕಿದರು. ಉಳಿದಿದ್ದ ಜಸ್ತದ ಸರಳುಗಳನ್ನು 'ಇನ್ನು ಇವು ಯಾಕ' ಎಂದು ರಾಯರು ಗುಜರಿಗೆ ಕೊಡಿಸಿಬಿಟ್ಟರು. ಹಾರ ಬಾಡುವತನಕ ಕೊರಳಲ್ಲೇ ಇತ್ತು. ಚಿತ್ತಾಪುರದಲ್ಲಿ, ಸೇಡಂನಲ್ಲಿ, ಮದುವೆಯ ಪಂಕ್ತಿಗಳಲ್ಲಿ, ಸಮುದ್ರದವರಿಗೆ ಹೊಳೆಯದ ತಾಮ್ರದ ಮರ್ಮವನ್ನು ಅವರು ಬಡಿಸಿಕೊಂಡು ಬಂದರು. "ವಿಲಾಯತಿಗೆ ಒಂದು ಕಾಗದ ಬರಿಯೂದದ," ಎನ್ನುವರು. "ಪಾಪ, ಅವರಿಗೂ ತಿಳೀಲಿ."

ವಿಲಾಯತಿಯವರ ಅದೃಷ್ಟ, ಕಾಗದ ಹೋಗಲಿಲ್ಲ.

ಚಳಿಗಾಲದಲ್ಲಿ ಇಂಜಿನ್ನಿನಿಂದ ಹೊರಬರುವ ನೀರು ತುಸು ಕೆಂಪಾಯಿತು. ಆ ನೀರೇ ಕಲ್ಲು ತಿಕ್ಕುವ ಹೊಂಡಕ್ಕೆ ಹೋಗುವುದು. ಬೂದು ಫರಸಿಯ ಮೇಲೆ ನಸುಗೆಂಪು ಛಾಯೆ ಕೂತಿತು. ಜನ ಹುಬ್ಬೇರಿಸುವ ಮೊದಲೇ ರಾಯರು ಅದಕ್ಕೆ 'ಗುಲಾಬಿ ಶಹಾಬಾದಿ' ಎಂದು ಹೆಸರಿಟ್ಟು, ಕಾಳಗಿಯ ಒಬ್ಬ ಸಾಹುಕಾರ ಗೊಲ್ಲಾಳಪ್ಪನವರ ಪಡಸಾಲೆಗೆ ಮಾರಿದರು. ಗೊಲ್ಲಾಳಪ್ಪನವರ ಸೊಸೆ ಮೊದಲ ಸಲ ನೆಲ ಒರೆಸಿದಾಗ ಗುಲಾಬಿ ಎಲ್ಲ ಅರಿವೆಗೆ ಬಂತು. ಅವರು ಹೇಳಿಕಳಿಸಿದ ಮಾತನ್ನು ರಾಯರು ಸಾಹೇಬರಿಗೆ ಎಂದಿನಂತೆ ನೋವಾಗದ ರೀತಿಯಲ್ಲಿ ಮುಟ್ಟಿಸಿದರು.

ಬೇಸಿಗೆ ಏರಿತು. ಶಹಾಬಾದಿನ ಬಿಸಿಲು ನಿಮಗೆ ಗೊತ್ತಿದೆ. ಕೆಳಗೆ ಕಲ್ಲು, ಮೇಲೆ ಬಿಸಿಲು, ನಡುವೆ ನಾವು. ಅಂಥದೊಂದು ಮಧ್ಯಾಹ್ನ ಜಹಾಜ ಒಂದು ಸಲ ಕೆಮ್ಮಿ, ಪಕ್ಕೆಯಿಂದ ಬುಸ್ಸೆಂದು ಉಗಿ ಬಿಟ್ಟು ನಿಂತುಹೋಯಿತು. ಅಂಗಿಯ ಗೋಡೆ ತೂತಾಗಿತ್ತು. ಅಂಬರಾಯ ಬೆರಳಿಟ್ಟರೆ ಕಬ್ಬಿಣ ಒಣ ರೊಟ್ಟಿಯ ಹಾಗೆ ಉದುರುತ್ತಿತ್ತು.

ಓಣಿಯ ನಲ್ಲಿ ಬತ್ತಿತು. ಹೆಂಗಸರು ಕೊಡ ಹೊತ್ತು ಕಡಿದಾದ ದಂಡೆಯನ್ನು ಇಳಿದು ಹತ್ತತೊಡಗಿದರು. ದಾರಿ ಸಾಬಮ್ಮನ ಬಾಗಿಲ ಮುಂದೆಯೇ. ಮರೆಮ್ಮ ಎಂಬ ಗಟ್ಟಿಗಿತ್ತಿ ಕೊಡ ಇಳಿಸಿ ಬೆವರು ಒರೆಸಿಕೊಂಡು, "ಏನವಾ ಜಹಾಜದ ರಾಣಿ, ನಿನ್ನ ಜಹಾಜ ದಂಡಿ ಮ್ಯಾಲೇ ಮುಳುಗ್ತಲ್ಲ!" ಎಂದಳು. ಸಾಬಮ್ಮ ಮಗುವನ್ನು ಇಳಿಸಿ ಮರೆಮ್ಮನ ಕೊಡ ಎತ್ತಿಕೊಂಡು ಅವಳ ಮನೆತನಕ ಹೊತ್ತುಕೊಟ್ಟು ಬಂದಳು. ಬಂದು ಕೋಣೆಯಲ್ಲಿದ್ದ ನಾಲ್ಕು ಗಡಿಗೆ, ಒಂದು ಕೌದಿಯನ್ನು ಒಂದು ಕಡೆ ಕೂಡಿಸಿಟ್ಟಳು. ಸಾಹೇಬರ ಮಾತು ಅವಳಿಗೆ ನೆನಪಿತ್ತು.

ವಾಡಿಯಿಂದ ದಸ್ತಗೀರ ಬಂದ. ಬಿರಡೆ ತೆಗೆದ. ತಾಮ್ರದ ಸರಳು ಮದುವಣಗಿತ್ತಿಯ ಹಾಗೆ ಹೊರಬಂತು.

"ಯಾ ಅಲ್ಲಾ! ತಾಮ್ರ ಯಾರು ಹಾಕ್ಯಾರ ಇದರಾಗ?"

ಕಾರಖಾನೆಯ ಜನವೆಲ್ಲ ಸೇರಿದ್ದರು. ಬಂದೇಅಲಿ ಸಾಹೇಬರು ಕುರ್ಚಿ ತರಿಸಿ ಕುಳಿತಿದ್ದರು.

"ಜಸ್ತ ಇದ್ದಾಗ ನೀರು ಜಸ್ತ ತಿಂತಿತ್ತು, ಲೋಖಂಡ ಉಳೀತಿತ್ತು," ಎಂದ ದಸ್ತಗೀರ. "ತಾಮ್ರ ಹಂಗಲ್ಲ ಸಾಹೇಬ್ರ. ಅದು ದೊಡ್ಡ ಮನಷ್ಯಾ. ಅದರ ಮಗ್ಗಲಿಗೆ ಕುಂತ್ರ ಲೋಖಂಡನೇ ಸವೀತದ. ತಾಮ್ರ ಆರಾಮ ಕುಂತು ನೋಡ್ತು, ಇಂಜಿನ್ ಕರಗ್ತು. ಬಸ್ರಾದಾಗ ಯಾರರೆ ಹಿಂಗ ಮಾಡಿದ್ರ ಎತ್ತಿ ಸಮುದ್ರಕ್ಕ ಒಗೀತಿದ್ರು."

ಬಂದೇಅಲಿ ಸಾಹೇಬರು ಮೀಸೆ ಸವರಿದರು. ಅವರು ಕೆಟ್ಟವರಲ್ಲ. ಆದರೆ ಎಲ್ಲರ ಎದುರು ಆಡಿದ ಮಾತು ಅವರ ಕುರ್ಚಿಯ ನಾಲ್ಕು ಕಾಲಿನ ಹಾಗೆ, ಒಂದು ಎಳೆದರೂ ಬೀಳುವರು.

"ಮುನ್ಶೀಜಿ," ಎಂದರು. "ತಾಮ್ರದ ಸುದ್ದಿ ನಿಮ್ಮದೇ. ಹಾರ ನಾನೇ ಹಾಕೀನಿ. ಇರಲಿ. ನೀವೇನು, ಬರೇ ಮಾತಿನವರು. ನಿಮ್ಮ ಮಾತು ಕೇಳಿ ಯಾರು ಏನು ಮಾಡ್ತಾರ? ಪಾನಾ ಹಿಡದ ಕೈ ಯಾರದು, ಅಷ್ಟು ಹೇಳಿಬಿಡ್ರಿ."

ತಪ್ಪಿಸಿಕೊಳ್ಳುವ ಬಾಗಿಲು ತೆರೆದೇ ಇತ್ತು. ರಾಯರು ಹೊರಗೆ ನಡೆದರೆ ಸಾಕಿತ್ತು. ಜನರ ಕಣ್ಣು ಆಗಲೇ ಅಂಬರಾಯನ ಕಡೆ ತಿರುಗಿದ್ದವು. ಅಂಬರಾಯ ಬಾಯಿ ತೆರೆದ. ಕೋಣೆಯ ಹೊಸ್ತಿಲಲ್ಲಿ ಸಾಬಮ್ಮ ಮಗುವನ್ನು ಎದೆಗೆ ಒತ್ತಿಕೊಂಡಳು.

ಆದರೆ ರಾಯರ ಮುಖ ರೂಮಿ ಟೋಪಿಯಷ್ಟೇ ಕೆಂಪಾಗಿತ್ತು.

"ಬರೇ ಮಾತಿನವರು?" ಎಂದರು. "ಸಾಹೇಬ್ರ, ಇಷ್ಟು ವರ್ಷದಾಗ ನನ್ನ ಹೊರತು ಈ ಕಾರಖಾನ್ಯಾಗ ಒಂದು ಮೊಳಿ ಅಲಗಾಡ್ಯಾದೇನು? ತಾಮ್ರ ನಾ ಹಾಕ್ಸೀನಿ. ಹಾಕ್ಸೀನಿ ಏನು ಬಂತು, ನಾನೇ ಹಾಕೀನಿ. ಪಾನಾ ಹಿಡದು. ಇದೇ ಕೈಲೆ!"

ಕೈ ಮುಂದೆ ಚಾಚಿದರು. ಮೆತ್ತನೆಯ ಬಿಳಿ ಕೈ. ತೋರುಬೆರಳಿಗೆ ಶಾಯಿ, ಉಂಗುರದ ಬೆರಳಿಗೆ ಗೋಪಿಚಂದನ. ಅದು ಪಾನಾ ಹಿಡಿದ ಕೈಯೆಂದು ನಂಬಲು ಕುರುಡನಿಗೂ ಕಷ್ಟವಿತ್ತು. ದಸ್ತಗೀರ ಆ ಕೈಯನ್ನು ಒಮ್ಮೆ ನೋಡಿ, ಬೀಡಿ ಹಚ್ಚಿಕೊಂಡು ಹೊಳೆಯ ಕಡೆ ಮುಖ ಮಾಡಿದ.

"ರಾಯರ, ಅದು ಹಂಗಲ್ರಿ..." ಎಂದು ಅಂಬರಾಯ ತೊದಲಿದ.

"ನೀ ಸುಮ್ನಿರಲೆ!" ರಾಯರು ಗುಡುಗಿದರು. "ದೊಡ್ಡವರು ಮಾತಾಡಾಕತ್ತಾಗ ನಡುವ ಬಾಯಿ ಹಾಕ್ತಾನ. ತಾಮ್ರದ ವಿಚಾರ ನಿನಗೇನು ತಿಳೀತದ?"

ಅಂಬರಾಯನಿಗೆ ಜನ್ಮದಲ್ಲಿ ಬಿದ್ದ ಬೈಗುಳಗಳಲ್ಲಿ ಅದರಷ್ಟು ತಂಪಾದ್ದು ಇನ್ನೊಂದಿಲ್ಲ ಎಂದು ಮುಂದೆ ಸಾಬಮ್ಮ 'ನಮ್ಮ ರಾಯರ' ಕಥೆ ಹೇಳುವಾಗಲೆಲ್ಲ ಹೇಳುತ್ತಿದ್ದಳು.

ಅವರು ಹಾಗೆ ಹೇಳಿದ್ದು ಅಂಬರಾಯನನ್ನು ಉಳಿಸಲೋ, 'ಬರೇ ಮಾತಿನವರು' ಎನಿಸಿಕೊಳ್ಳುವುದನ್ನು ತಾಳಲಾರದೆಯೋ? ನಮ್ಮ ಕಡೆ ಇದರ ಮೇಲೆ ಎರಡು ಪಕ್ಷಗಳಿವೆ. ನಾನು ಎರಡರಲ್ಲೂ ಇದ್ದೇನೆ. ಕೂಸು ಹೊತ್ತು ಹೊಸ್ತಿಲಲ್ಲಿ ನಿಂತವಳಿಗೆ ಎರಡೂ ಒಂದೇ ಆಗಿತ್ತು.

ಬಂದೇಅಲಿ ಸಾಹೇಬರು ಬಹಳ ಹೊತ್ತು ಯೋಚಿಸಿದರು. ಮಾತಿನಂತೆ ಆ ಕೈಯನ್ನು ಹೊರಗೆ ಹಾಕಬೇಕು. ಹಾಕಿದರೆ ಹೈದರಾಬಾದಿನ ಕಾಗದ ಓದುವವರು ಯಾರು?

"ಮುನ್ಶಿ ಗಾದಿ ಬಿಟ್ಟು ಇಳೀರಿ," ಎಂದರು ಕೊನೆಗೆ. "ಜಹಾಜ ಮತ್ತ ನೀರು ಎತ್ತೂತನಕ ನೀವು ಇಂಜಿನ್ ಖೋಲ್ಯಾಗ ದುಡೀರಿ. ಎತ್ತಿದ್ರ ಗಾದಿ ನಿಮ್ಮದು. ಎತ್ತಲಿಲ್ಲ, ಜಹಾಜ ಗುಜರಿಗೆ, ನೀವು ನಿಮ್ಮ ಮನಿಗೆ." ಜಹಾಜ ಗುಜರಿಗೆ ಹೋದರೆ ಅದರ ಬೆನ್ನಿಗಿದ್ದ ಕೋಣೆಯೂ ಹೋಯಿತು ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಮನೆಯಲ್ಲಿ ಪದ್ಮಾಬಾಯಿ ಆಗಲೇ ಸುದ್ದಿ ಕೇಳಿದ್ದರು. "ಏನ್ರಿ, ಪಾನಾ ಹಿಡದ್ರಂತ? ಉಪ್ಪಿನಕಾಯಿ ಭರಣಿ ಮುಚ್ಚಳ ತೆಗೀಲಿಕ್ಕೆ ಮಗ್ಗಲ ಮನಿಯವರನ್ನ ಕರೀತೀರಿ." ರಾಯರು ಟೋಪಿ ತೆಗೆದು ಗೂಟಕ್ಕೆ ಹಾಕಿದರು. ಪದ್ಮಾಬಾಯಿ ಒಳಗೆ ಹೋಗಿ ಅವತ್ತು ಹೋಳಿಗೆ ಮಾಡಿದರು. ಯಾವ ಹಬ್ಬವೂ ಇರಲಿಲ್ಲ.

ಮರುದಿನದಿಂದ ರಾಯರು ಶೇರವಾನಿ ಕಳಚಿ ಕುಳಿತು ಜಂಗು ಕೆರೆದರು. ಕೆರೆಯುವುದಕ್ಕಿಂತ ಕೆರೆಯುವ ರೀತಿ ಹೇಳಿಕೊಟ್ಟದ್ದೇ ಹೆಚ್ಚು. ಆದರೂ ಅಂಗೈಯಲ್ಲಿ ಬೊಕ್ಕೆ ಎದ್ದವು, ಆ ಬೊಕ್ಕೆಗಳನ್ನು ಅವರು ದಾರಿಯಲ್ಲಿ ಹೋಗುವವರಿಗೆಲ್ಲ ತೋರಿಸಿದರು. ದಸ್ತಗೀರ ತೂತಿನ ಮೇಲೆ ಲೋಖಂಡದ ತಗಡು ಕೂಡಿಸಿ, ಸಂದಿ ಸೋರದಂತೆ ಸಫೇದಾ ಮೆತ್ತಿ, ಬೋಲ್ಟು ಬಿಗಿದ. ಉಳಿದದ್ದು ಜಸ್ತ. "ಅದಿಲ್ಲದ ಚಾಲೂ ಮಾಡಿದ್ರ ಮುಂದಿನ ಬ್ಯಾಸಗಿಗೆ ಇನ್ನೊಂದು ತೂತು" ಎಂದ. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಶುರುವಾಗಿತ್ತು. ಮುಂಬಯಿಯಿಂದ ಜಸ್ತ ಬರುತ್ತಿರಲಿಲ್ಲ. ಗುಜರಿಗೆ ಹೋದ ಸರಳುಗಳು ಯಾವಾಗಲೋ ಎಲ್ಲಿಗೋ ಹೋಗಿದ್ದವು.

"ಬೀದರದಾಗ ಸಿಗ್ತದ," ಎಂದರು ರಾಯರು. ಈ ಸಲ ಅವರು ಹೇಳಿದ್ದು ಸರಿಯಾಗಿತ್ತು. ಬೆಳ್ಳಿಯ ಬಳ್ಳಿ ಕೂಡಿಸಿದ ಕಪ್ಪು ಹೂಜಿ, ಹುಕ್ಕಾ ಮಾಡುವ ಬೀದರಿನ ಕಸಬುದಾರರು ಎರಕ ಹೊಯ್ಯುವುದು ಜಸ್ತವನ್ನೇ. ಅದಕ್ಕೆ ಒಂದಿಷ್ಟು ತಾಮ್ರ ಬೆರೆಸುತ್ತಾರೆ, ಅಷ್ಟೇ.

ಪದ್ಮಾಬಾಯಿ ಅವಲಕ್ಕಿ ಕಟ್ಟಿಕೊಟ್ಟರು. ವಾಡಿಯಲ್ಲಿ ರೈಲು ಹತ್ತಿ, ಚಿತ್ತಾಪುರ, ಸೇಡಂ, ತಾಂಡೂರು ದಾಟಿ, ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ ರಾಯರು ಬೀದರಿಗೆ ಹೋದರು. ದಾರಿಯುದ್ದಕ್ಕೂ ತಾಮ್ರದ ಮರ್ಮ ಕೇಳಿದ್ದವರು ಸಿಕ್ಕರು. "ಏನ್ರಿ ರಾಯರ, ವಿಲಾಯತಿಯಿಂದ ಜವಾಬು ಬಂತೇನು?" ಎಂದು ಕೇಳಿದರು. ರಾಯರು ಕಿಟಕಿಯಾಚೆ ಜೋಳದ ಕೂಳೆ ನೋಡುತ್ತ ಕುಳಿತರು.

ಬೀದರಿನಲ್ಲಿ ಕಸಬುದಾರ ಶೌಕತ ಅಲಿ ಗಾದಿ ಹಾಸಿ ಕೂಡಿಸಿ, "ಹುಕ್ಕಾ ಬೇಕೋ, ಪಾನದಾನ ಬೇಕೋ ಹುಜೂರ್? ಕೆತ್ತನೆ ಯಾವುದು ಇರಲಿ?" ಎಂದ.

"ಕೆತ್ತನಿ ಬ್ಯಾಡ್ರಿ. ಬೆರಳಿನಂಥಾ ಸರಳು ಬೇಕು. ತಾಮ್ರ ಬೆರಸಬ್ಯಾಡ್ರಿ. ಬೆಳ್ಳಿ ಕೂಡಿಸಬ್ಯಾಡ್ರಿ."

"ಅದನ್ನ ತೊಗೊಂಡು ಏನು ಮಾಡ್ತೀರಿ?"

"ನೀರಿಗೆ ತಿನ್ನಲಿಕ್ಕೆ ಕೊಡ್ತೀವಿ."

ಶೌಕತ ಅಲಿಯ ಮುಖ ಸಣ್ಣದಾಯಿತು. ಅವನ ಅಜ್ಜನ ಕೈಯ ಹೂಜಿಗಳು ನವಾಬರ ದಿವಾನಖಾನೆಗಳಲ್ಲಿದ್ದವು. ನೀರು ತಿಂದುಹಾಕುವ ಕೆಲಸಕ್ಕೆ ಅವನ ಮನೆತನ ಇಳಿದಿರಲಿಲ್ಲ. ಮಾನವಂತರ ಕಷ್ಟ ರಾಯರಿಗೆ ಕೂಡಲೇ ತಿಳಿಯುತ್ತಿತ್ತು. ಅವರು ಜಹಾಜದ ಕಥೆ ಹೇಳಿದರು, ಓಣಿಯ ಬತ್ತಿದ ನಲ್ಲಿಯ ಕಥೆ ಹೇಳಿದರು. ಆ ಕಥೆಯಲ್ಲಿ ಮೊದಲ ಸಲ ಅಂಬರಾಯನಿಗೂ, ಸಾಬಮ್ಮನಿಗೂ, ಸೀಳಿದ ತಂಬಿಗೆಗೂ ಜಾಗವಿತ್ತು. ಇದನ್ನು ಶೌಕತ ಅಲಿಯೇ ಆಮೇಲೆ ದಸ್ತಗೀರನಿಗೆ ಹೇಳಿದ್ದು.

ಸರಳುಗಳು ತಯಾರಾದವು. ಶೌಕತ ಅಲಿ ಒಂದೊಂದರ ಮೇಲೂ ಉಳಿಯಿಂದ ಒಂದು ಸಣ್ಣ ಹೂ ಗೀರಿದ್ದ.

"ಇದಕ್ಕ ಹೂ ಯಾಕ್ರಿ? ಎರಡು ದಿನಕ್ಕ ಅಳಿಸಿ ಹೋಗ್ತದ," ಎಂದು, ರಾಯರು ಊರಿಗೆ ತಂದ ಸರಳುಗಳನ್ನು ನೋಡಿ ದಸ್ತಗೀರ ನಕ್ಕ.

"ಎರಡು ದಿನ ಇರ್ತದಲ್ಲ," ಎಂದರು ರಾಯರು.

ಬಿರಡೆಯನ್ನು ಅಂಬರಾಯನೇ ತಿರುವಿದ. ರಾಯರು ಪಕ್ಕದಲ್ಲಿ ನಿಂತು ಪಾನಾದ ಮೇಲೆ ಎರಡು ಬೆರಳು ಇಟ್ಟಿದ್ದರು, ಸಾಹೇಬರು ನೋಡುತ್ತಿದ್ದಾರೆಂದು. ಜಹಾಜ ಉಸಿರು ಹಿಡಿಯಿತು, ಕೆಮ್ಮಿತು, ಮತ್ತೆ ಕೆಮ್ಮಿ ಓಡತೊಡಗಿತು. ಓಣಿಯ ನಲ್ಲಿಯಿಂದ ಮೊದಲು ಗಾಳಿ, ಆಮೇಲೆ ಕೆಸರು, ಆಮೇಲೆ ತಿಳಿನೀರು ಬಂತು. ಮರೆಮ್ಮ ಮೊದಲ ಕೊಡ ತುಂಬಿ, ಅದನ್ನು ತನ್ನ ಮನೆಗೆ ಒಯ್ಯದೆ ಸಾಬಮ್ಮನ ಹೊಸ್ತಿಲಿಗೆ ತಂದಿಳಿಸಿ, "ಅವತ್ತು ನೀ ಹೊತ್ತಿದ್ದು ಮುಟ್ತು ನೋಡು," ಎಂದಳು. ಸಾಬಮ್ಮ ಕೂಡಿಸಿಟ್ಟ ಗಡಿಗೆಗಳನ್ನು ಬಿಡಿಸಿ ಅವುಗಳ ಜಾಗಕ್ಕೆ ಇಟ್ಟಳು.

ರಾಯರಿಗೆ ಗಾದಿ ಮರಳಿ ಸಿಕ್ಕಿತು. ಅಂಬರಾಯ ಇಂಜಿನ್ನಿಗೇ ಉಳಿದ. ಹೊತ್ತು ತಪ್ಪದೆ ಜಸ್ತ ಬದಲಿಸಿದ, ಇಂಜಿನ್ ನಿಲ್ಲಿಸಿದಾಗ ಅಂಗಿಯೊಳಗೆ ನೀರು ನಿಲ್ಲಗೊಡದೆ ಬಸಿದುಬಿಟ್ಟ. ಆ ಯುದ್ಧದ ವರ್ಷಗಳಲ್ಲಿ ಎಷ್ಟೋ ಯಂತ್ರ ನಿಂತವು, ಜಹಾಜ ನಿಲ್ಲಲಿಲ್ಲ. ಬೇಸಿಗೆಯಲ್ಲಿ ಹೊಳೆಯ ಮರಳಲ್ಲಿ ಸಾಬಮ್ಮ ಬೆಳೆದ ಮೊದಲ ಕಲ್ಲಂಗಡಿ ರಾಯರ ಮನೆಗೆ ಹೋಗುತ್ತಿತ್ತು. ರಾಯರು ಅದನ್ನು ತಟ್ಟಿ ನೋಡಿ, ತಾವು ಹೇಳಿದ ಗೊಬ್ಬರ ಹಾಕಿದ್ದರೆ ಇನ್ನೂ ದೊಡ್ಡದಾಗುತ್ತಿತ್ತು ಎನ್ನುವರು. ಇಷ್ಟಾದರೂ ತಾವು ಅಂದು ಕೈ ಚಾಚಿದ ಸಂಗತಿಯನ್ನು ಅವರು ಯಾರ ಮುಂದೆಯೂ ಎತ್ತಿದ್ದಿಲ್ಲ. ಅವರ ಬಾಯಿಂದ ತಪ್ಪಿಸಿಕೊಂಡ ಅವರದೇ ಪರಾಕ್ರಮ ಅದೊಂದೇ.

ಮುಂದೆ ಸಾಬಮ್ಮನಿಗೆ ಗಂಡು ಹುಟ್ಟಿತು. ಕೇಳದೆಯೇ ಪಾಂಡುರಂಗ ಎಂದು ಹೆಸರಿಟ್ಟರು. ಹುಡುಗ ನಡೆಯಲು ಕಲಿತ ಮೇಲೆ ಕಷ್ಟ ಶುರುವಾಯಿತು. ರಾಯರು ಒಂದು ದಿನ ಇಂಜಿನ್ ನೋಡಲು ಇಳಿದು ಬರುತ್ತಿರುವಾಗ ಸಾಬಮ್ಮ ಒಳಗಿನಿಂದ, "ಲೇ ಪಾಂಡ್ಯಾ, ಕೆಸರಾಗ ಯಾಕ ಬಿದ್ದಿಯೋ ಕತ್ತೆ!" ಎಂದು ಕೂಗಿದಳು. ಕೆಲಸಗಾರರು ಉಳಿ ನಿಲ್ಲಿಸಿ ನೋಡಿದರು. ರಾಯರು ಶೇರವಾನಿಯ ಅಂಚನ್ನು ನೋಡಿಕೊಂಡರು. ಕೆಸರಿರಲಿಲ್ಲ.

"ಸಾಬಮ್ಮ," ಎಂದರು ಬಾಗಿಲಿಗೆ ಬಂದು. "ಹೆಸರಿಟ್ಟೀರಿ, ಸಂತೋಷ. ಆದ್ರ ಅದಕ್ಕೊಂದು ಮರ್ಯಾದಿ ಅದ. ಅದನ್ನ ಹಿಂಗ ಹರದು ತುಂಡು ಮಾಡಿ ಕರೀಬಾರದು."

ಸಾಬಮ್ಮ ಹಣೆ ಬಡಿದುಕೊಂಡು, "ತಪ್ಪಾತ್ರಿಯಪ್ಪಾ, ಇನ್ನ ಕರಿಯೂದಿಲ್ರಿ" ಎಂದಳು. ಮಾತಿಗೆ ತಪ್ಪುವ ಹೆಂಗಸಲ್ಲ ಅವಳು. ಅಂದಿನಿಂದ ಕಾರಖಾನೆಯ ದಿನ್ನೆಯ ಮೇಲೆ ಉಳಿಗಳ ಸದ್ದನ್ನೂ, ಜಹಾಜದ ಗುಡುಗುಡುವನ್ನೂ ಮೀರಿ ಅವಳ ದನಿ ಕೇಳತೊಡಗಿತು:

"ಪಾಂಡುರಂಗರಾಯರ! ಬರ್ರಿ, ಕುಂದ್ರಿ, ಮೂಗು ಒರಸ್ತೀನಿ! ಚಡ್ಡಿ ಎಲ್ಲಿ ಬಿಟ್ಟು ಬಂದ್ರಿ? ಹಾಕ್ಕೋರಿ, ಮುನ್ಶಿ ಸಾಹೇಬ್ರು ಬರಾಕತ್ತಾರ!"

ರಾಯರು ಟೋಪಿ ಸರಿಪಡಿಸಿಕೊಂಡು, ನಗುತ್ತಿದ್ದ ಕಲ್ಲುಕುಟಿಗರ ನಡುವೆ ಸಾವಕಾಶ ನಡೆದುಬಂದು, ಬರಿಮೈಯ ತಮ್ಮ ಹೆಸರನ್ನು ಎತ್ತಿ ಕಂಕುಳಿಗೆ ಏರಿಸಿಕೊಂಡರು.

"ಈಗ ಸರಿ ಅದ," ಎಂದರು.